ಹೆಜ್ಜೆಮಣೆ

ನಮ್ಮೂರಿನಲ್ಲಿ ನಡೆದರೆ ಸದ್ದಾಗುವುದಿಲ್ಲ. ಬರಿಗಾಲಿನಲ್ಲಿ ನಡೆಯಿರಿ, ಬೂಟು ಹಾಕಿಕೊಂಡು ನಡೆಯಿರಿ, ಸಿಟ್ಟು ಬಂದು ನೆಲ ಒದ್ದುಕೊಂಡು ಹೋಗಿ, ಎಲ್ಲಾ ಒಂದೇ. ಸೇತುವೆ ದಾಟಿ ಈಚೆ ಬಂದ ಕೂಡಲೇ ಹೊರಗಿನವರ ಕಾಲೂ ತೆಪ್ಪಗಾಗುತ್ತದೆ. ಅದಕ್ಕೇ ನಾವು ಹೊಸ್ತಿಲು ದಾಟುವಾಗೆಲ್ಲ “ಬಂದೆ” ಅನ್ನುತ್ತೇವೆ. ಅಡುಗೆಮನೆಗೆ ಹೋದರೂ ಬಂದೆ, ಆಫೀಸಿನಲ್ಲಿ ಸಾಹೇಬರ ಕೋಣೆಗೆ ಹೋದರೂ ಬಂದೆ. ಹೇಳದೆ ಒಳಗೆ ಕಾಲಿಟ್ಟವನನ್ನು ಮನೆಯಲ್ಲಿ ಸರಿಯಾಗಿ ಬೆಳೆಸಿಲ್ಲ ಅಂತಲೇ ಲೆಕ್ಕ. ನಾನು ಒಂದು ಸಲ ಯಾರದೋ ಮದುವೆಗೆಂದು ಬೇರೆ ಊರಿಗೆ ಹೋಗಿದ್ದೆ. ಛತ್ರದಲ್ಲಿ ರಾತ್ರಿಯೆಲ್ಲ ಜನ ಓಡಾಡುವ ಸದ್ದಿಗೆ ರೆಪ್ಪೆ ಮುಚ್ಚಲಿಲ್ಲ. ಬೆಳಿಗ್ಗೆ ತಾಳಿ ಕಟ್ಟುವ ಹೊತ್ತಿಗೆ ಕಂಬಕ್ಕೆ ಒರಗಿ ಗೊರಕೆ ಹೊಡೆದೆನಂತೆ. ಆಮೇಲೆ ಎಲ್ಲಿಗೂ ಹೋಗಿಲ್ಲ.

ನಮ್ಮಣ್ಣ ಚಿದಂಬರನಂತೂ ಸೇತುವೆ ದಾಟಿದವನೇ ಅಲ್ಲ. ಅವನು ಇಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಯಾಕಪ್ಪಾ ಎಲ್ಲಿಗೂ ಹೋಗಲ್ಲ ಅಂದರೆ, “ಹೊರಗಿನ ನೀರು ನನಗೆ ಒಗ್ಗಲ್ಲ” ಅನ್ನುತ್ತಾನೆ. ನೀರಿನ ಮಾತು ಬರೀ ಸುಳ್ಳು. ಅವನ ಎಡಗಾಲು ಬಲಗಾಲಿಗಿಂತ ಗಿಡ್ಡ. ಚಿಕ್ಕಂದಿನಲ್ಲಿ ಒಂದು ಕೆಟ್ಟ ಜ್ವರ ಬಂದು ಹಾಗಾಯಿತು. ನಮ್ಮಮ್ಮ ಅವನನ್ನು ದಿನಾ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲೆ ಅವನ ಭುಜದ ಎತ್ತರಕ್ಕೆ ಇದ್ದಿಲಿನಲ್ಲಿ ಉದ್ದಕ್ಕೂ ಒಂದು ಗೆರೆ ಎಳೆದು, “ಭುಜ ಈ ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಬಾರದು, ನಡಿ” ಅನ್ನುತ್ತಿದ್ದಳು. ಅವನು ಅಳುತ್ತಾ ನಡೆಯುತ್ತಿದ್ದ. ಅಂಗಿಯ ಭುಜವೆಲ್ಲ ಮಸಿ. ಕೊನೆಗೂ ಕಲಿತ. ದೊಡ್ಡವನಾದ ಮೇಲೆ ಎಡಗಾಲಿನ ಚಪ್ಪಲಿಯ ಒಳಗೆ ಬೆಂಡು ಇಡಿಸಿಕೊಂಡ, ಮನೆಯೊಳಗೂ ಅದನ್ನು ಬಿಚ್ಚುವುದಿಲ್ಲ. ಈಗ ನೋಡಿದರೆ ಮೇಷ್ಟ್ರು ಸ್ಕೇಲಿನಂತೆ ನೆಟ್ಟಗೆ ನಡೆಯುತ್ತಾರೆ. ನಮ್ಮತ್ತಿಗೆಗೆ ಕೂಡ ವಿಷಯ ಗೊತ್ತಾದದ್ದು ಮದುವೆಯಾದ ಮೇಲೆ. ಬೇರೆ ಊರಾಗಿದ್ದರೆ ಅವನ ಕಾಲು ಬೀದಿಗೆಲ್ಲ ಸಾರಿಕೊಂಡು ಹೋಗುತ್ತಿತ್ತು. ಇಲ್ಲಿ ಅದಕ್ಕೆ ಬಾಯಿಲ್ಲ. ಇದು ನನಗೆ ಗೊತ್ತು, ನನಗೆ ಗೊತ್ತಿದೆ ಅಂತ ಅವನಿಗೂ ಗೊತ್ತು. ನಾವಿಬ್ಬರೂ ಇದರ ಬಗ್ಗೆ ಒಂದು ಮಾತೂ ಆಡಿದವರಲ್ಲ.

ಅವನ ಒಬ್ಬಳೇ ಮಗಳು ಚಾರುಮತಿ. ಅವಳು ಗೋಡೆ ಹಿಡಿದು ನಡೆಯುವ ವಯಸ್ಸಿನಲ್ಲಿ ಅತ್ತಿಗೆ ತೀರಿಕೊಂಡಳು. ಪೋಸ್ಟಾಫೀಸಿನ ಕೆಲಸ ಮುಗಿಸಿ ಬಂದು ನಾನೇ ಸಾಕಿದ್ದು. ಹಾಗಾಗಿ ಈಗ ಹೇಳುತ್ತಿರುವುದರಲ್ಲಿ ಅರ್ಧ ನಾನು ಕಂಡದ್ದು, ಉಳಿದರ್ಧ ಅವಳೇ ನನ್ನ ಹಾಸಿಗೆಯ ಪಕ್ಕ ಮಲಗಿ ಹೇಳಿದ್ದು. ಅವಳು ಊರಿನಲ್ಲೇ ಇರುವ ವಿಶ್ವವಿದ್ಯಾಲಯದ ನಾಟಕ ವಿಭಾಗಕ್ಕೆ ಸೇರುತ್ತೇನೆ ಅಂದಾಗ ಅಣ್ಣ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಸ್ಟಾಫ್ ರೂಮಿಗೆಲ್ಲ ಪೇಡೆ ಹಂಚಿ ಬಂದ. ಮಗಳು ರಾಣಿಯ ಪಾರ್ಟು ಮಾಡುತ್ತಾಳೆ ಅಂತ ಅವನ ಎಣಿಕೆ. ಅವಳು ಆರಿಸಿಕೊಂಡದ್ದು ಹೆಜ್ಜೆ.

ಹೆಜ್ಜೆ ಅಂದರೆ ಏನು ಅಂತ ಹೊರಗಿನವರಿಗೆ ಹೇಳಬೇಕು. ನಮ್ಮೂರಿನ ನಾಟಕದಲ್ಲಿ ರಾಜ ಬಂದರೂ ಸದ್ದಿಲ್ಲ, ಕಳ್ಳ ಬಂದರೂ ಸದ್ದಿಲ್ಲ. ಎಲ್ಲರೂ ತೇಲಿಕೊಂಡು ಬಂದಂತೆ ಕಾಣುತ್ತದೆ, ಯಾರಿಗೂ ಗಾಂಭೀರ್ಯ ಬರುವುದಿಲ್ಲ. ಅದಕ್ಕೆ ರಂಗದ ಪಕ್ಕದಲ್ಲಿ, ತೆಳು ಪರದೆಯ ಹಿಂದೆ, ಒಬ್ಬರು ಹಲಸಿನ ಮರದ ಮಣೆ ಮುಂದಿಟ್ಟುಕೊಂಡು ಕೂರುತ್ತಾರೆ. ಎರಡು ಕೈಯಲ್ಲೂ ಚರ್ಮ ಸುತ್ತಿದ ಮರದ ತುಂಡು. ಎಡಗೈ ಎಡಗಾಲು, ಬಲಗೈ ಬಲಗಾಲು. ಪಾತ್ರ ನಡೆದ ಹಾಗೆ ಇವರು ಮಣೆಯ ಮೇಲೆ ಹೆಜ್ಜೆ ಬಾರಿಸಬೇಕು. ಅದನ್ನು ಕಲಿಸಲಿಕ್ಕೆ ಪದ್ಮಾಸಿನಿ ಮೇಡಂ ಅಂತ ಒಬ್ಬರಿದ್ದಾರೆ. ಗಟ್ಟಿ ಹೆಂಗಸು, ನಗುವುದು ಕಡಿಮೆ.

ಮೊದಲ ವರ್ಷ ಅವರು ಮಕ್ಕಳ ಕೈಗೆ ಮಣೆಯನ್ನೇ ಕೊಡಲಿಲ್ಲ. ಕಾಲಿನ ಸದ್ದು ಹೋದರೂ ನೆಲದ ಅದುರು ಹೋಗಿಲ್ಲವಲ್ಲ, ಅದನ್ನು ಓದಲು ಕೂರಿಸಿದರು. ಹುಡುಗ ಹುಡುಗಿಯರೆಲ್ಲ ಕಾರಿಡಾರಿನಲ್ಲಿ ಸಾಲಾಗಿ ಅಂಗೈ ಊರಿ, ಕಣ್ಣು ಮುಚ್ಚಿಕೊಂಡು, ಹೋದವರು ಯಾರು ಅಂತ ಹೇಳಬೇಕು. ಒಂದು ದಿನ ಚಾರು ಕಣ್ಣು ಮುಚ್ಚಿಕೊಂಡೇ “ಸರ್, ನಿಮ್ಮ ಬಲ ಮಂಡಿ ನೋಯ್ತಿದೆಯಾ?” ಅಂತ ರಿಜಿಸ್ಟ್ರಾರನ್ನು ಕೇಳಿ ಬೈಸಿಕೊಂಡಳು. ಎರಡನೇ ವರ್ಷ ಮಣೆ ಬಂತು. ಸಭಾಂಗಣದಲ್ಲಿ ಯಾರು ಎಲ್ಲಿ ನಡೆದರೂ ಕೈ ಏಳಬೇಕು. “ತಲೆ ಮಧ್ಯೆ ಬಂದ್ರೆ ಹೆಜ್ಜೆ ಹಿಂದೆ ಬೀಳುತ್ತೆ. ಇದು ಯಾರು, ಯಾಕೆ ನಡೀತಾರೆ ಅಂತ ಯೋಚನೆ ಮಾಡ್ಬೇಡಿ. ನೆಲ ಅದುರಿದ್ರೆ ಕೈ ಎದ್ದಿರಬೇಕು, ಅಷ್ಟೆ” ಅನ್ನುತ್ತಿದ್ದರು ಮೇಡಂ. ತಡವಾದ ಕೈಗೆ ಅವರ ಬಳಿ ಕ್ಷಮೆಯಿರಲಿಲ್ಲ.

ಈ ಅಭ್ಯಾಸ ಮನೆಗೂ ಬಂತು. ನಾನು ಸಾರಿನ ಪಾತ್ರೆ ಹಿಡಿದು ಬಂದರೆ ಅವಳ ಬೆರಳು ತಟ್ಟೆಯ ಅಂಚಿನಲ್ಲಿ ನನ್ನ ನಡಿಗೆ ಬಾರಿಸುತ್ತಿತ್ತು. ಅವಳ ಗಮನ ಮಾತ್ರ ಅನ್ನದ ಮೇಲೆ. ಆ ಛತ್ರದ ಗಲಾಟೆಯಲ್ಲೂ ಕಿವಿಗೆ ಬೀಳದಿದ್ದ ನನ್ನ ಹೆಜ್ಜೆಯನ್ನು ನಾನು ಮೊದಲ ಸಲ ಕೇಳಿದ್ದು ಹಾಗೆ. ಇಷ್ಟು ಧಡಧಡ ನಡೆಯುತ್ತೇನಲ್ಲ, ಗಂಡಸರಂತೆ, ಅಂತ ನಾಚಿಕೆಯಾಗಿ, ಆವತ್ತಿನಿಂದ ಅವಳೆದುರು ಸ್ವಲ್ಪ ಮೆತ್ತಗೆ ಕಾಲಿಡತೊಡಗಿದೆ. “ಅತ್ತೆ, ಯಾಕೆ ಕಳ್ಳಬೆಕ್ಕಿನ ಥರ ಬರ್ತಿದೀಯ?” ಅಂತ ಅದಕ್ಕೂ ನಕ್ಕಳು. ಅಣ್ಣ ಊಟಕ್ಕೆ ಯಾವಾಗಲೂ ಮೊದಲೇ ಬಂದು ಕೂತಿರುತ್ತಿದ್ದ. ಅದೇಕೆ ಅಂತ ಆಗ ನಾನು ಯೋಚಿಸಲಿಲ್ಲ.

ಕೊನೆಯ ವರ್ಷದ ಪರೀಕ್ಷೆಗೆ ಒಂದು ಪೂರ್ತಿ ನಾಟಕಕ್ಕೆ ಹೆಜ್ಜೆ ಕೊಡಬೇಕಿತ್ತು. ನಗೆನಾಟಕ. ಒಬ್ಬ ಮುದುಕ ಕೂದಲಿಗೆ ಕಪ್ಪು ಹಚ್ಚಿ, ಜರಿಶಾಲು ಹೊದ್ದು, ಹುಡುಗನಂತೆ ಎದೆ ಸೆಟೆಸಿ ಹೆಣ್ಣು ನೋಡಲು ಹೋಗುತ್ತಾನೆ. “ನೋಡೋರಿಗೆ ಅವನು ಹುಡುಗ, ಕೇಳೋರಿಗೆ ಮುದುಕ. ನಗು ಇರೋದು ಅಲ್ಲಿ. ಅದು ನಿನ್ನ ಕೈಲಿದೆ” ಅಂದರು ಮೇಡಂ. ಚಾರು ಬಾರಿಸಿದಳು. ಮೇಡಂ ತಲೆಯಾಡಿಸಿದರು. ಮತ್ತೆ ಬಾರಿಸಿದಳು. “ತಪ್ಪು ಅಂತ ಏನಿಲ್ಲಮ್ಮ. ಆದ್ರೆ ನಿನ್ನ ಮಣೇಲಿ ರಾಜನೂ ಅವನೇ, ಕಳ್ಳನೂ ಅವನೇ, ಈ ಮುದುಕನೂ ಅವನೇ. ಎಲ್ಲರೂ ಒಂದೇ ಅಂಗಡೀಲಿ ಕಾಲು ತಗೊಂಡಿದ್ದಾರೆ. ಜೀವ ಇರೋ ಒಬ್ಬರ ಹೆಜ್ಜೆ ತಗೊಂಡು ಬಾ. ಇಲ್ಲದಿದ್ರೆ ನಿನ್ನನ್ನ ಪಾಸು ಮಾಡೋಕೆ ನನ್ನ ಕೈಲಾಗಲ್ಲ.” ಆ ದಿನ ಮನೆಗೆ ಬಂದು ನನ್ನ ಮಡಿಲಲ್ಲಿ ಮುಖ ಇಟ್ಟು ಅತ್ತಳು. ಕಲಿತ ಮೂರು ವರ್ಷವೂ ನೀರಿನಲ್ಲಿ ಹೋಮ ಆಯಿತು ಅಂದಳು.

ನಾನು ಅಡುಗೆಗೆ ಎದ್ದ ಮೇಲೆ, ಅತ್ತು ಸುಸ್ತಾಗಿ ಅವಳು ಹಾಗೇ ನೆಲದ ಮೇಲೆ ಕಿವಿಯಿಟ್ಟು ಮಲಗಿದ್ದಾಗ ಅಣ್ಣ ಸ್ಕೂಲಿನಿಂದ ಬಂದನಂತೆ. ಗೇಟಿನಿಂದ ಜಗಲಿ, ಜಗಲಿಯಿಂದ ನಡುಮನೆ. ಭಾರವಾಗಿ ಒಂದು, ಒಂದು ಚೂರು ಬಿಡುವು, ಹಗುರವಾಗಿ ಇನ್ನೊಂದು. ಅವಳು ಚಾಪೆಯ ಮೇಲೆ ಮಲಗುತ್ತಿದ್ದ ಕಾಲದಿಂದ ದಿಂಬಿನೊಳಗೆ ಬರುತ್ತಿದ್ದ ಅದುರು ಅದು. ಅದು ಬಂದರೆ ಅಪ್ಪ ಬಂದ, ಇನ್ನು ನಿದ್ದೆ ಮಾಡಬಹುದು. ಕುಂಟು ಅನ್ನುವ ಮಾತು ಅವಳ ತಲೆಗೇ ಬರಲಿಲ್ಲ. ಬರುವುದಾದರೂ ಹೇಗೆ ಹೇಳಿ, ಕಣ್ಣಿಗೆ ಅವಳಪ್ಪ ಯಾವಾಗಲೂ ನೆಟ್ಟಗೆ ನಡೆದವನೇ. ಅಪ್ಪನ ಹೆಜ್ಜೆ ಅಂದರೆ ಹೀಗಿರುತ್ತದೆ ಅಂತ ಮಾತ್ರ ಅವಳಿಗೆ ಗೊತ್ತು. ಮರುದಿನ ಅದನ್ನೇ ಮೇಡಂ ಮುಂದೆ ಬಾರಿಸಿದಳು. ಮೇಡಂ ಕನ್ನಡಕ ತೆಗೆದು, “ಎಲ್ಲಿ ಸಿಕ್ತು ಇದು?” ಅಂದರು. “ಮನೇಲಿ” ಅಂದಳು. ಅವರು ಮುಂದೆ ಕೇಳಲಿಲ್ಲ. ಇವಳು ಮನೆಗೆ ಹಾರಿಕೊಂಡು ಬಂದು, “ಅಪ್ಪ, ನಾಟಕಕ್ಕೆ ನೀವು ಬರಲೇಬೇಕು. ನಿಮಗೇ ಅಂತ ಅದರಲ್ಲಿ ಒಂದು ಇದೆ” ಅಂದಳು. ಉಡುಗೊರೆ ಕೊಡುತ್ತಿದ್ದೇನೆ ಅಂತಲೇ ಅವಳು ತಿಳಿದಿದ್ದಳು.

ನಾಟಕದ ಸಂಜೆ ಅಣ್ಣ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ, ಮೀಸೆಗೆ ಕಪ್ಪು ಹಚ್ಚಿ, ಹೆಡ್ಮಾಸ್ಟರನ್ನೂ ಕರೆದುಕೊಂಡು ಬಂದ. ಅವನ ಸ್ಕೂಲಿನ ಹುಡುಗರ ದಂಡೊಂದು ಹಿಂದಿನ ಸಾಲುಗಳಲ್ಲಿ ಕೂತಿತ್ತು. ನಾವು ಮುಂದೆ, ನಡುದಾರಿಯ ಪಕ್ಕ. ಪರದೆ ಎದ್ದಿತು, ಮದುಮಗ ಬಂದ. ಎದೆ ಮುಂದೆ, ಗಲ್ಲ ಮೇಲೆ, ಕಣ್ಣಿಗೆ ಒಳ್ಳೆ ಹುಡುಗನೇ. ಅವನ ಕಾಲಡಿಯಿಂದ ಹೆಜ್ಜೆ ಕೇಳಿತು. ಭಾರವಾಗಿ ಒಂದು, ಬಿಡುವು, ಎಳೆದು ತಂದಂತೆ ಇನ್ನೊಂದು. ಸಭೆ ಗೊಳ್ಳೆಂದು ನಕ್ಕಿತು. ಅಣ್ಣನೂ ನಕ್ಕ. ನನಗೆ ನಗು ಬರಲಿಲ್ಲ. ಆ ಸದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ, ಆದರೂ ಹಿತ್ತಿಲಿನ ಗೋಡೆ, ಇದ್ದಿಲ ಗೆರೆ, ಆ ಗೆರೆಯ ಮೇಲೂ ಕೆಳಗೂ ಆಡುವ ಒಂದು ಚಿಕ್ಕ ಭುಜ ಕಣ್ಣೆದುರು ಬಂತು.

ಮದುಮಗ ಬಂದ, ಹೋದ, ಮತ್ತೆ ಬಂದ. ಒಂದೊಂದು ಸಲಕ್ಕೂ ನಗು ಜಾಸ್ತಿಯಾಯಿತು. ಹಿಂದಿನ ಹುಡುಗರು ಬೆಂಚು ಕುಟ್ಟಿ ನಕ್ಕರು. “ಏನ್ ಮೇಷ್ಟ್ರೇ, ನಿಮ್ ಮಗಳು ಹೊಟ್ಟೆ ಹುಣ್ಣಾಗೋ ಹಾಗೆ ನಗಿಸ್ತಾಳಲ್ರೀ” ಅಂತ ಹೆಡ್ಮಾಸ್ಟರು ಅಣ್ಣನ ಬೆನ್ನು ತಟ್ಟಿದರು. ಅಣ್ಣನ ನಗು ಆಗಲೇ ನಿಂತಿತ್ತು. ಯಾರೋ ಹೆಸರು ಹಿಡಿದು ಕರೆದಂತೆ ಅವನು ಕತ್ತು ವಾರೆ ಮಾಡಿ ಕೇಳುತ್ತಿದ್ದ. ಅವನ ಕೈ ಎಡ ಮಂಡಿಯ ಮೇಲೆ ಬಂದು ಕೂತಿತ್ತು. ನಾನು ಅವನ ಕಡೆ ನೋಡಲಾರದೆ ರಂಗದ ಕಡೆ ನೋಡಿದೆ. ಸ್ವಲ್ಪ ಹೊತ್ತಿಗೆ ಅವನು “ನೀರು ಕುಡಿದು ಬರ್ತೀನಿ” ಅಂತ ಎದ್ದ.

ರಂಗದ ಮೇಲೆ ಆಗ ಮದುಮಗ ಹೆಣ್ಣಿನ ಮುಂದೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದ. ಯಾರೂ ನಡೆಯುತ್ತಿರಲಿಲ್ಲ. ಸಭಾಂಗಣದ ನೆಲವೆಲ್ಲ ಹಲಗೆ. ಅಣ್ಣ ನಡುದಾರಿಯಲ್ಲಿ ಬಾಗಿಲ ಕಡೆ ಹೊರಟ. ಅವನ ಹೆಜ್ಜೆಯ ಅದುರು ಹಲಗೆ ಹಿಡಿದು ಪರದೆಯ ಹಿಂದೆ ಮಣೆಗೆ ಬಂತು, ಮಣೆಯಿಂದ ಅವಳ ಅಂಗೈಗೆ. ನೆಲ ಅದುರಿದರೆ ಕೈ ಏಳಬೇಕು. ಎದ್ದಿತು. ಭಾರವಾಗಿ ಒಂದು, ಬಿಡುವು, ಹಗುರವಾಗಿ ಇನ್ನೊಂದು. ಮದುಮಗ ಕೂತಲ್ಲೇ ಇದ್ದಾನೆ, ಹೆಜ್ಜೆ ಮಾತ್ರ ಸಭೆಯ ಮಧ್ಯೆ ಹೋಗುತ್ತಿದೆ. ಜನ ತಿರುಗಿದರು. ಅಣ್ಣ ನಿಂತ, ಸದ್ದೂ ನಿಂತಿತು. ಅವನು ಕಾಲು ಎತ್ತಿಟ್ಟ, ಸದ್ದೂ ಎತ್ತಿಟ್ಟಿತು. ಇದೂ ನಾಟಕದ್ದೇ ಅಂದುಕೊಂಡು ಹೆಡ್ಮಾಸ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹುಡುಗರಿಗೆ ಮಾತ್ರ ಅರ್ಥವಾಗಿಬಿಟ್ಟಿತು, ಹುಡುಗರಿಗೆ ಅಂಥದ್ದು ಬೇಗ ಅರ್ಥವಾಗುತ್ತದೆ. ಅಣ್ಣ ಆಮೇಲೆ ನಿಲ್ಲಲಿಲ್ಲ. ಭುಜ ಗೆರೆ ಬಿಟ್ಟು ಒಂದು ಕೂದಲೂ ಆಚೀಚೆ ಆಗದಂತೆ, ಬಾಗಿಲ ತನಕ ನಡೆದುಕೊಂಡೇ ಹೋದ. ಹೆಜ್ಜೆ ಅವನ ಜೊತೆಗೇ ಹೋಯಿತು. ಭೂಮಿ ಬಾಯಿ ಬಿಡಬಾರದೇ ಅಂತ ನಾನು ತಲೆ ತಗ್ಗಿಸಿ ಕೂತೆ.

ಚಾರುಗೆ ಸಭೆ ನಗುವುದು ಕೇಳಿತು, ಯಾಕೆ ಅಂತ ತಿಳಿಯಲಿಲ್ಲ. ರಂಗದಲ್ಲಿ ಯಾರೂ ಓಡಾಡುತ್ತಿಲ್ಲವಲ್ಲ ಅಂತ ಪರದೆಯ ಅಂಚಿನಿಂದ ಇಣುಕಿ ನೋಡಿದಾಗ ಕಂಡದ್ದು ಬಾಗಿಲಲ್ಲಿ ಒಂದು ಬಿಳಿ ಷರಟಿನ ಬೆನ್ನು, ಮತ್ತು ಇನ್ನೂ ಆಡುತ್ತಿದ್ದ ತನ್ನದೇ ಎರಡು ಕೈ. ಉಳಿದ ನಾಟಕ ಹೇಗೆ ಮುಗಿಯಿತು ಅಂತ ಅವಳಿಗೆ ನೆನಪಿಲ್ಲವಂತೆ. ಅವಳಿಗೆ ಮೊದಲ ಸ್ಥಾನ ಬಂತು. ಎದ್ದು ಹೋಗುವ ಪ್ರೇಕ್ಷಕನಿಗೂ ಹೆಜ್ಜೆ ಕೊಟ್ಟವಳು ಇವಳೊಬ್ಬಳೇ ಅಂತ ಮೇಡಂ ಎಲ್ಲರೆದುರು ಹೊಗಳಿದರು. ಆ ಹೊಗಳಿಕೆ ಕೇಳುವಾಗ ಮೈಮೇಲೆ ಬಿಸಿನೀರು ಹುಯ್ದಂತಾಯಿತು ಅತ್ತೆ ಅಂದಳು.

ಮನೆಯಲ್ಲಿ ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಊಟ ಆಯ್ತಾ?” ಅಂದ, “ರಿಸಲ್ಟ್ ಬಂತಾ?” ಅಂದ, “ಒಳ್ಳೇದಾಯ್ತು” ಅಂದ. ಆದರೆ ಅವಳೆದುರು ನಡೆಯುವುದನ್ನು ಬಿಟ್ಟ. ಅವಳು “ಬಂದೆ” ಅಂದರೆ ಸಾಕು, ನಿಂತಲ್ಲೇ ಕೂತುಬಿಡುತ್ತಿದ್ದ. ಕುರ್ಚಿ ದೂರವಿದ್ದರೆ ಕಿಟಕಿಯ ಕಟ್ಟೆಗೋ ಅಕ್ಕಿಡಬ್ಬದ ಮೇಲೋ ಒರಗುತ್ತಿದ್ದ. ನೀರು ಬೇಕಾದರೆ ನನ್ನನ್ನು ಕೂಗುತ್ತಿದ್ದ. ಸ್ಕೂಲಿನಲ್ಲಿ ಇನ್ನೂ ಕಷ್ಟ. ಅವನು ಕ್ಲಾಸಿಗೆ ಕಾಲಿಟ್ಟರೆ ಹುಡುಗರು ಡೆಸ್ಕಿನ ಮೇಲೆ ಅದನ್ನೇ ಬಾರಿಸುತ್ತಿದ್ದರು, ತಲೆ ಬಗ್ಗಿಸಿಕೊಂಡು, ಯಾರು ಅಂತ ಗೊತ್ತಾಗದ ಹಾಗೆ. ಜ್ವರ ಅಂತ ರಜೆ ಹಾಕಿ ಮನೆಯಲ್ಲಿ ಕೂತ. ಚಾರು ಮಣೆಯನ್ನು ಅಟ್ಟಕ್ಕೆ ಹಾಕಿದಳು. ಕಾಲಿಗೆ ಬಿದ್ದು ತಪ್ಪಾಯಿತು ಅನ್ನು ಅಂತ ನಾನು ಹೇಳಿದೆ. “ಯಾವ ಮುಖ ಇಟ್ಕೊಂಡು ಆ ಕಾಲು ಮುಟ್ಲಿ ಅತ್ತೆ?” ಅಂದಳು. ಅವಳ ಕೈ ಈಗ ಯಾವಾಗಲೂ ತೊಡೆಯ ಕೆಳಗೆ. ಕೂತಾಗಲೆಲ್ಲ ಕೈಯ ಮೇಲೇ ಕೂರುತ್ತಿದ್ದಳು.

ಒಂದು ಭಾನುವಾರ ತಿಂಡಿಯಾದ ಮೇಲೆ ಅಣ್ಣ ನಡುಮನೆಯ ಕುರ್ಚಿಯಲ್ಲಿ ಕೂತೇ ಅವಳನ್ನು ಕರೆದ. “ಚಾರೂ, ಆ ಮಣೆ ಇಳಿಸ್ಕೊಂಡು ಬಾ.” ಅವಳು ನನ್ನ ಮುಖ ನೋಡಿದಳು. ತಂದಳು, ನೆಲದ ಮೇಲಿಟ್ಟು ಎದುರಿಗೆ ಕೂತಳು. “ನನ್ನದು ಬಾರಿಸು” ಅಂದ. “ಬೇಡ ಅಪ್ಪ.” “ಸ್ಕೂಲಿಗೆ ಹೋಗ್ಬೇಕಲ್ಲಮ್ಮ, ಎಷ್ಟು ದಿನ ಜ್ವರ ಅನ್ನೋದು. ಆ ಹುಡುಗರು ಬಾರಿಸೋದು ಸರಿಯೋ ತಪ್ಪೋ ಅಂತ ಕೂಡ ನನಗೆ ಗೊತ್ತಿಲ್ಲ. ಅವತ್ತು ನಗೋರ ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ. ನಗು ಇಲ್ದೆ ಒಂದ್ಸಲ ಕೇಳ್ಬೇಕು.”

ಅವಳು ಬಾರಿಸಿದಳು. ಎಡ, ಬಲ, ಎಡ, ಬಲ. ಎರಡೂ ಸಮ, ಎಲ್ಲೂ ಬಿಡುವಿಲ್ಲ. ಅಣ್ಣ ಕೇಳಿಸಿಕೊಂಡು, “ಯಾರದಿದು?” ಅಂದ. “ನಿಮ್ಮದೇ ಅಪ್ಪ” ಅಂದಳು, ಮುಖ ಎತ್ತದೆ. “ನಮ್ಮ ಹೆಡ್ಮಾಸ್ಟರದು ಇದ್ದ ಹಾಗಿದೆ” ಅಂದ ಅವನು. ಅವಳ ಕೈ ಅಲ್ಲೇ ನಿಂತಿತು.

ಅಣ್ಣ ಬಗ್ಗಿ ಎರಡೂ ಚಪ್ಪಲಿ ಬಿಚ್ಚಿ ಕುರ್ಚಿಯ ಕೆಳಗೆ ಜೋಡಿಸಿಟ್ಟ. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಅವನು ಎದ್ದು ಕಿಟಕಿಯ ತನಕ ನಡೆದ. ಬೆಂಡಿಲ್ಲ, ಗೆರೆಯಿಲ್ಲ. ಒಂದೊಂದು ಹೆಜ್ಜೆಗೂ ಎಡಭುಜ ಕೆಳಗಿಳಿದು ಮೇಲೇರುತ್ತಿತ್ತು. ಹಿತ್ತಿಲಿನ ಆ ದಿನಗಳ ನಂತರ ಅವನು ಹಾಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಚಾರು ಕಂಡೇ ಇರಲಿಲ್ಲ. ಅವಳ ಕೈ ತಾನೇ ತಾನಾಗಿ ಎದ್ದಿತು, ಈ ಸಲ ಅವಳು ತಡೆಯಲಿಲ್ಲ. ಅವನು ಕಿಟಕಿಯ ಹತ್ತಿರ ತಿರುಗಿದ, ಮತ್ತೆ ಈ ಕಡೆಗೆ ಬಂದ. ಮಕ್ಕಳ ಚಿತ್ರವನ್ನು ತಿದ್ದುವ ಮೊದಲು ನೋಡುತ್ತಾನಲ್ಲ, ಹಾಗೆ ಕತ್ತು ವಾರೆ ಮಾಡಿ ಕೇಳುತ್ತಾ ಬಂದ. ಮನೆಯಲ್ಲಿ ಯಾರೂ ನಗಲಿಲ್ಲ.

“ಇದು ಸರಿಯಾಗಿದೆ” ಅಂದ, ಅವಳ ಮುಂದೆ ನಿಂತು. ಆಮೇಲೆ, “ಅವತ್ತು ಎಡಗಾಲು ಇದಕ್ಕಿಂತ ತಡವಾಗಿ ಬರ್ತಿತ್ತು. ಒಂದೊಂದು ಸಲಕ್ಕೂ ಇನ್ನಷ್ಟು ತಡ” ಅಂದ.

ಚಾರು ಮರದ ತುಂಡು ಕೆಳಗಿಟ್ಟು ಮಣೆಯ ಮೇಲೆ ಅಂಗೈ ಊರಿದಳು. ಏನಾದರೂ ನೆಪ ಹೇಳಲಿ ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಮೇಡಂ ಹಾಗೆ ಕಲಿಸಿದರು ಅನ್ನಬಹುದಿತ್ತು, ಪಾತ್ರಕ್ಕೆ ಹಾಗೆ ಬೇಕಿತ್ತು ಅನ್ನಬಹುದಿತ್ತು. “ಜನ ನಕ್ಕರು ಅಪ್ಪ” ಅಂದಳು. “ನಕ್ಕರು ಅಂತ ಎಳೆದೆ.”

“ಹೂಂ” ಅಂದ ಅಣ್ಣ. “ನಂಗೆ ಅವತ್ತೇ ಗೊತ್ತಾಯ್ತು.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ, ಬರಿಗಾಲಿನಲ್ಲೇ, ಅವಳ ಪಕ್ಕದಲ್ಲೇ ಹಾದು ಒಳಕೋಣೆಯ ಕಡೆ ಹೋದ. ಅವಳು ಎರಡೂ ಕೈಯನ್ನು ಮಣೆಯಿಂದ ತೆಗೆದು, ನೆಲಕ್ಕೂ ತಾಗಿಸದೆ, ದುಪಟ್ಟಾದಲ್ಲಿ ಸುತ್ತಿಕೊಂಡು ಕೂತಳು. ಒಳಗೆ ಯಾರೂ ಇರಲಿಲ್ಲ, ಆದರೂ ಹೊಸ್ತಿಲಲ್ಲಿ ಅಣ್ಣ ಅಭ್ಯಾಸಬಲದಿಂದ “ಬಂದೆ” ಅಂದ.